ನಾಲ್ಕು ರವಿಕೆ, ಮೂರು ಹೂ

ಸಾಬಿರಾಗೆ ಹುಚ್ಚು ಹಿಡಿದದ್ದು ಒಂದು ಕ್ಯಾಲೆಂಡರಿನಿಂದ. ಹುಚ್ಚು ಅಂದರೆ ಹುಚ್ಚೇ, ಅದಕ್ಕೆ ಬೇರೆ ಮರ್ಯಾದಸ್ಥ ಹೆಸರು ಹುಡುಕುವ ಅಗತ್ಯವಿಲ್ಲ. ತಿಪಟೂರಿನ ಟೈಲರ್ ಅಕ್ಬರ್ ಪಾಷಾ ಅವರ ಮಗಳು, ಸೀರೆಗೆ ಫಾಲ್ಸ್ ಹೊಲಿಯುವುದರಲ್ಲಿ ಇಡೀ ಪೇಟೆಗೇ ಹೆಸರಾದವಳು, ಕ್ಯಾಲೆಂಡರ್ ಬಂದ ಮೇಲೆ ಫಾಲ್ಸಿನ ಬಟ್ಟೆ ಕಂಡರೆ ಆಕಳಿಸತೊಡಗಿದಳು. ಫಾಲ್ಸ್ ಎನ್ನುವುದು ಸೀರೆಯ ಅಂಚಿನ ಒಳಮೈಗೆ, ಯಾರ ಕಣ್ಣಿಗೂ ಬೀಳದ ಹಾಗೆ ಕೂರಿಸುವ ಪಟ್ಟಿ. ಹೊಲಿಗೆ ಕಾಣಿಸಿತೋ, ಕೆಲಸ ಕೆಟ್ಟಿತು ಎಂದೇ ಅರ್ಥ. ಹೀಗೆ ಕಾಣದ ಕೆಲಸ ಮಾಡುತ್ತಲೇ ದೊಡ್ಡವಳಾದ ಹುಡುಗಿಯ ಎದುರಿಗೆ, ನನ್ನನ್ನು ನೋಡು ನನ್ನನ್ನು ನೋಡು ಎಂದು ಕೂಗುವ ಹೂಗಳನ್ನು ತಂದು ನೇತುಹಾಕಿದರೆ ಏನಾಗಬೇಕೋ ಅದೇ ಆಯಿತು.

ಕ್ಯಾಲೆಂಡರ್ ತಂದವನು ಅವಳ ಚಿಕ್ಕಪ್ಪ ಅಫ್ಜಲ್ ಚಾಚಾ, ಬಸ್ ಸ್ಟ್ಯಾಂಡಿನ ಹಿಂದೆ ಸ್ಕೂಟರ್ ರಿಪೇರಿ ಮಾಡುವವನು. ಹಜ್‌ಗೆ ಹೋದಾಗ ಮದೀನಾದ ವಸತಿಯಲ್ಲಿ ಅವನ ಪಕ್ಕದ ಮಂಚಕ್ಕೆ ಒಬ್ಬ ತುರ್ಕಿ ಮುದುಕ ಬಂದಿದ್ದನಂತೆ. ಇವನ ಮಾತು ಅವನಿಗೆ ತಿಳಿಯದು, ಅವನ ಮಾತು ಇವನಿಗೆ ತಿಳಿಯದು. ಚಾಚಾ ಸುಮ್ಮನಿರಲಾರದೆ ಗಂಟಿನಿಂದ ಒಂದು ಉಂಡೆ ಕೊಬ್ಬರಿ ತೆಗೆದು ಒಡೆದು ಕೊಟ್ಟ. ಮುದುಕ ಕಚ್ಚಿದ, ಅಗಿದ, ಕಣ್ಣು ಮುಚ್ಚಿಕೊಂಡ, ಆಮೇಲೆ ಎದ್ದು ಬಂದು ಚಾಚಾನ ಎರಡೂ ಕೆನ್ನೆಗೆ ಮುತ್ತಿಟ್ಟು ತನ್ನ ಪೆಟ್ಟಿಗೆಯಲ್ಲಿದ್ದ ಕ್ಯಾಲೆಂಡರನ್ನು ಕೈಗೆ ಕೊಟ್ಟುಬಿಟ್ಟ. ತಿಂಗಳಿಗೊಂದರಂತೆ ಅದರಲ್ಲಿ ಪಿಂಗಾಣಿ ಬಿಲ್ಲೆಗಳ ಚಿತ್ರವಿತ್ತು. ನಮ್ಮ ಬಚ್ಚಲಿಗೆ ಹಾಕಿಸುವ ಟೈಲ್ಸ್ ಬಿಲ್ಲೆಗಳಲ್ಲ, ಸ್ವಾಮಿ. ನಾನೂರು ವರ್ಷದ ಹಿಂದೆ ಸುಲ್ತಾನರ ಕಾಲದಲ್ಲಿ ಮಸೀದಿಯ ಗೋಡೆಗೂ ಅರಮನೆಯ ಗೋಡೆಗೂ ಎಂದು ಸುಟ್ಟವು.

ಹಾಲಿನಂಥ ಬಿಳಿಯ ಮೇಲೆ ಕಡುನೀಲಿ, ನವಿಲುಬಣ್ಣ, ನಡುನಡುವೆ ಒಂದು ಕೆಂಪು. ಆ ಕೆಂಪು ಬಿಲ್ಲೆಯ ಮೇಲೆ ಉಬ್ಬಿ ನಿಂತಿತ್ತು. ಬರೀ ಚಿತ್ರ ಎಂದು ಗೊತ್ತಿದ್ದೂ ಸಾಬಿರಾ ಬೆರಳಾಡಿಸಿ ನೋಡುತ್ತಿದ್ದಳು. ಗರಗಸದಂಥ ಅಂಚಿನ ಉದ್ದುದ್ದ ಎಲೆಗಳು ಗಾಳಿ ಹೊಡೆದಂತೆ ಬಳುಕಿ, ಹೂಗಳ ಮೈಮೇಲೆ ಹಾಯ್ದುಹೋಗಿದ್ದವು. ಮೂರು ಎಸಳು ಚೂಪಾಗಿ ಮೇಲೆದ್ದ ಒಂದು ಹೂವನ್ನು ಮುದುಕ ‘ಲಾಲೆ’ ಎಂದು ತೋರಿಸಿದ್ದನಂತೆ. ಅಂಥ ಹೂವನ್ನು ತಿಪಟೂರಿನಲ್ಲಿ ಕಂಡವರಿರಲಿಲ್ಲ. ಸಾಬಿರಾಗೆ ಮಾತ್ರ ಆಮೇಲೆ ಎಲ್ಲೆಲ್ಲೂ ಅದೇ ಕಂಡಿತು. ಕಾವಲಿಗೆ ಹುಯ್ದ ದೋಸೆ ಲಾಲೆಯಾಯಿತು, ಚಹಾದ ಕೆನೆ ಲಾಲೆಯಾಯಿತು. ಕೊನೆಗೆ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ವೀರಭದ್ರಯ್ಯನವರು ಸೊಂಟ ಸಡಿಲಿಸಲು ಕೊಟ್ಟಿದ್ದ ಬಿಳಿ ಪ್ಯಾಂಟಿನ ಹಿಂಜೇಬಿನ ಮೇಲೂ ಹೆಬ್ಬೆರಳಷ್ಟು ಕೆಂಪು ಲಾಲೆ ಅರಳಿತು.

ತಮ್ಮ ಹಿಂಭಾಗವನ್ನು ಪರೀಕ್ಷಿಸಿಕೊಳ್ಳುವ ಅಭ್ಯಾಸ ಮೇಷ್ಟ್ರಿಗೆ ಇರಲಿಲ್ಲ. ಅದನ್ನೇ ತೊಟ್ಟು ಮೈದಾನಕ್ಕೆ ಹೋದರು, ಶಿಸ್ತಾಗಿ ನಿಂತ ಮಕ್ಕಳಿಗೆ ಬೆನ್ನು ಮಾಡಿ ಧ್ವಜದ ಕಡೆ ತಿರುಗಿದರು. ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ಕೂತಿತು.

“ಮೇಷ್ಟ್ರ ಹಿಂದೆ ಹೂ ಬಿಡ್ಸಿದ್ಯಲ್ಲ, ನಾಳೆ ಪೊಲೀಸಪ್ಪನ ಟೋಪಿಗೆ ದಾಳಿಂಬೆ ಬಿಡ್ಸು!” ಎಂದು ಅಕ್ಬರ್ ಪಾಷಾ ಕೂಗಾಡಿದರು. “ಇನ್ಮೇಲೆ ಫಾಲ್ಸ್ ಬಿಟ್ಟು ಬೇರೆ ಬಟ್ಟೆ ಮುಟ್ಟಿದ್ರೆ ಅಂಗಡಿಗೇ ಬರ್ಬೇಡ.”

ಅವರ ಕೂಗು ಮುಗಿಯುವ ಮೊದಲೇ ಹೊನ್ನವಳ್ಳಿಯ ಹನುಮಂತಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು. ಮಗಳು ಭಾನುಪ್ರಿಯಾಳ ಮದುವೆ ಗೊತ್ತಾಗಿತ್ತು. ಅವರ ಮನೆಯಲ್ಲೊಂದು ರೂಢಿ: ಮನೆಮಗಳ ಧಾರೆ ಮುಗಿದೊಡನೆ ಮನೆಯ ಸೊಸೆಯರೆಲ್ಲ ಒಂದೇ ಥರದ ಸೀರೆ, ಒಂದೇ ಥರದ ರವಿಕೆ ತೊಟ್ಟು ಸಾಲಾಗಿ ನಿಂತು ಆರತಿ ಎತ್ತಬೇಕು. ನಾಲ್ಕು ಜನ ಓರಗಿತ್ತಿಯರು. ಆಸ್ತಿ ಪಾಲಾಗಿ ಒಂದು ಒಲೆ ಹೋಗಿ ನಾಲ್ಕಾಗಿದ್ದರೂ ಆ ರೂಢಿಯನ್ನು ಮಾತ್ರ ಯಾರೂ ಪಾಲು ಕೇಳಿರಲಿಲ್ಲ. ಹಿರಿಯವಳಾದ ಭೈರಮ್ಮನಿಗೂ ಮೂರನೆಯವಳಾದ ಹನುಮಂತಮ್ಮನಿಗೂ ಮಾತು ನಿಂತು ಯಾವ ಕಾಲವಾಗಿತ್ತೋ! ಅದಕ್ಕೆ ಕಾರಣ ಬದುವಿನ ಮೇಲಿನ ಒಂದು ತೆಂಗಿನಮರ. ಅದರ ಬುಡ ಭೈರಮ್ಮನ ಕಡೆಗಿತ್ತು, ತಲೆ ಹನುಮಂತಮ್ಮನ ಕಡೆಗೆ ವಾಲಿತ್ತು. ನೀರು ಕುಡಿಯುವುದು ಅಲ್ಲಿ, ಕಾಯಿ ಉದುರಿಸುವುದು ಇಲ್ಲಿ. ಮರಕ್ಕೇನೋ ಇದರಿಂದ ಯಾವ ತೊಂದರೆಯೂ ಆಗಿರಲಿಲ್ಲ.

ಅಳತೆ ಕೊಡಲು ನಿಂತ ಹನುಮಂತಮ್ಮನ ಕಣ್ಣು ಗೋಡೆಯ ಮೇಲಿನ ಕ್ಯಾಲೆಂಡರಿಗೆ ಹೋಯಿತು. ಆ ತಿಂಗಳ ಬಿಲ್ಲೆಯ ನಡುವೆ, ತ್ರಿಕೋನದಲ್ಲಿಟ್ಟಂತೆ ಮೂರು ದುಂಡು ಬೊಟ್ಟು, ಅವುಗಳ ಕೆಳಗೆ ಎರಡು ಅಲೆಯಂಥ ಗೆರೆ ಇದ್ದವು.

“ಅಯ್ಯೋ ಪಾಷಣ್ಣ, ಇದು ನಮ್ ತೆಂಗಿನಕಾಯಿ ಕಣ್ಣಲ್ವಾ!” ಎಂದು ಅವರು ಕೂಗಿದರು. “ಮೂರಕ್ಕೆ ಮೂರೂ ಐತೆ. ಕೆಳಗೆ ನೋಡು, ಎಳನೀರು ತುಳುಕ್ತಾ ಐತೆ. ಇಕಾ ಗರಿ, ಇಕಾ ಹೊಂಬಾಳೆ. ಯಾವೂರ್ದಪ್ಪ ಇದು?”

“ತುರ್ಕಿದು ಕಣಮ್ಮಾ,” ಎಂದಳು ಸಾಬಿರಾ.

“ಅಲ್ಲೂ ತೆಂಗು ಹಾಕವ್ರಾ? ನುಸಿರೋಗ ಗಿಸಿರೋಗ ಇಲ್ವಂತಾ?”

ಗಿರಾಕಿಯ ಮಾತಿಗೆ ಎದುರಾಡುವುದು ಅಕ್ಬರ್ ಪಾಷಾ ಅವರ ಜಾಯಮಾನವಲ್ಲ. ತುರ್ಕಿಯಲ್ಲಿ ತೆಂಗು ಬಹಳ ಚೆನ್ನಾಗಿ ಬರುತ್ತದೆ ಎಂದು ಅವರು ಗಂಭೀರವಾಗಿ ಒಪ್ಪಿಕೊಂಡರು. ನಾಲ್ಕೂ ರವಿಕೆಗೆ ಇದೇ ಚಿತ್ರ ಬೇಕು, ಇದ್ದದ್ದು ಇದ್ದ ಹಾಗೇ ಬೇಕು, ಮಂಗಳಕಾರ್ಯಕ್ಕೆ ತೆಂಗಿಗಿಂತ ಮಂಗಳ ಯಾವುದು ಎಂದು ಹನುಮಂತಮ್ಮ ಹಟ ಹಿಡಿದರು. ಅವರು ಹೋದ ಮೇಲೆ ಅಪ್ಪ ಮಗಳ ಕಡೆ ತಿರುಗಿದರು.

“ಮಾಡು. ಇದು ಸರಿಹೋದ್ರೆ ಎಂಬ್ರಾಯ್ಡರಿ ಮೆಷಿನ್ ನಿಂದು, ಅಂಗಡಿ ಮುಂದಿನ ಟೇಬಲ್ಲೂ ನಿಂದು. ಬರೋ ಹೆಂಗಸ್ರ ಹತ್ರ ನೀನೇ ಮಾತಾಡು, ನಿಂಗೆ ಬೇಕಾದ್ ಹೂ ಬಿಡ್ಸು. ಕೆಟ್ರೆ, ನಿನ್ ಮದ್ವೆ ಸೀರೆಗೂ ನೀನೇ ಫಾಲ್ಸ್ ಹೊಲ್ಕೊಬೇಕು, ಅಷ್ಟೇ.”

ಸಾಬಿರಾಗೆ ನೆಲವೇ ಕಾಲಿಗೆ ಸಿಗಲಿಲ್ಲ. ಬಿಲ್ಲೆಯ ಚಿತ್ರವನ್ನು ದೊಡ್ಡದು ಮಾಡಿ ತೆಳುಕಾಗದದ ಮೇಲೆ ತೆಗೆದಳು, ಗೆರೆಗುಂಟ ಸೂಜಿಯಿಂದ ತೂತು ಚುಚ್ಚಿದಳು, ಕಾಗದವನ್ನು ಕೆನೆಬಣ್ಣದ ರೇಷ್ಮೆಯ ಮೇಲೆ ಹಾಸಿ ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಪುಡಿಯನ್ನು ಬಟ್ಟೆಯುಂಡೆಯಿಂದ ತಿಕ್ಕಿದಳು. ಕಾಗದ ಎತ್ತಿದರೆ ಬಟ್ಟೆಯ ತುಂಬ ಚುಕ್ಕಿಗಳ ತೋಟ. ಬೆನ್ನಿನ ನಡುವೆ ಮೂರು ಕಣ್ಣು, ಭುಜದ ಮೇಲೆ ಬಳುಕುವ ಗರಿ, ಗರಿಯ ಸಂದಿನಲ್ಲಿ ಲಾಲೆ. ಕೆಂಪು ಬರುವ ಕಡೆಯೆಲ್ಲ ದಾರದ ಕೆಳಗೆ ದಾರ ತುಂಬಿ ಉಬ್ಬಿಸಿದಳು. ಮೆಷಿನ್ನಿನ ಸದ್ದಿಗೆ ತಾಳ ಹಾಕಿಕೊಂಡು ಒಬ್ಬಳೇ ನಗುತ್ತಿದ್ದಳು. ಸಂತೋಷ ಅವಳಿಗೆ ತಡೆಯಲಾಗುತ್ತಿರಲಿಲ್ಲ, ಅಷ್ಟೇ ವಿಷಯ.

ಒಂದೇ ಒಂದು ತೊಡಕು. ಬಿಲ್ಲೆಯ ಎಡ ಅಂಚಿನಲ್ಲೊಂದು, ಬಲ ಅಂಚಿನಲ್ಲೊಂದು ದೊಡ್ಡ ದುಂಡು ಹೂವಿತ್ತು. ಅತ್ತ ತಾವರೆಯೂ ಅಲ್ಲ, ಇತ್ತ ದಾಳಿಂಬೆಯೂ ಅಲ್ಲ, ಎರಡೂ ಸೇರಿ ಹೆತ್ತಂಥ ಹೂ. ಆದರೆ ಎರಡೂ ಕಡೆ ಅರ್ಧರ್ಧ ಮಾತ್ರ. ಚಾಕುವಿನಿಂದ ಕೊಯ್ದ ಹಾಗೆ ಅಂಚಿನಲ್ಲಿ ನಿಂತುಬಿಟ್ಟಿತ್ತು. ಅವಳ ಲೆಕ್ಕದಲ್ಲಿ ಆ ಹೂಗಳು ಎರಡು ತೋಳುಗಳ ಮೇಲೆ ಬರುತ್ತಿದ್ದವು.

“ಅಬ್ಬಾ, ಉಳಿದರ್ಧ ಎಲ್ಲಿ?” ಎಂದು ಅಪ್ಪನನ್ನು ಕೇಳಿದಳು.

ಅಕ್ಬರ್ ಪಾಷಾ ಕನ್ನಡಕ ಏರಿಸಿ ನೋಡಿದರು. ಬದುಕಿಡೀ ಬಟ್ಟೆ ಕತ್ತರಿಸಿದವರ ತಲೆಗೆ ಬಟ್ಟೆಯ ಉತ್ತರವೇ ಹೊಳೆಯಬೇಕು ತಾನೆ? ನಮ್ಮ ಕಡೆ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡದೆ ಯಾವ ಟೈಲರೂ ರವಿಕೆ ಹೊಲಿಯುವುದಿಲ್ಲ. ಇವತ್ತು ತೆಳ್ಳಗಿದ್ದವಳು ಬಾಣಂತನ ಮುಗಿಸಿ ಬಂದರೆ ಬಿಚ್ಚಿ ಅಗಲ ಮಾಡಬೇಕಲ್ಲ.

“ಮಾರ್ಜಿನ್ ಕಣಮ್ಮ,” ಎಂದರು. “ಹಳೇ ಕಾಲದ ಕಸುಬುದಾರ್ರು. ಅರ್ಧ ಹೂ ಒಳಗೆ ಮಡಚವ್ರೆ. ನಾಳೆ ಗೋಡೆ ದಪ್ಪ ಆದ್ರೆ ಬಿಚ್ಕೊಬೋದು ಅಂತ.”

“ಹಂಗಾರೆ ನಾನು ಉಳಿದರ್ಧ ಹಾಕ್ಲಾ?”

“ಮಾರ್ಜಿನ್ ಮೇಲೆ ಯಾರಾದ್ರೂ ಎಂಬ್ರಾಯ್ಡರಿ ಹಾಕ್ತಾರಾ?”

ಈ ಮಾತು ಅಪ್ಪನಿಗೂ ಮಗಳಿಗೂ ಎಷ್ಟು ಸಮಂಜಸವಾಗಿ ಕಂಡಿತೆಂದರೆ, ದಪ್ಪವಾಗುವ ಗೋಡೆ ಯಾವುದಪ್ಪ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ತೋಳಿನ ಹೊರಗೆರೆಗೆ ಸರಿಯಾಗಿ ಸಾಬಿರಾ ಅರ್ಧ ಹೂ ನಿಲ್ಲಿಸಿದಳು. ಮುಂದಕ್ಕೆ ಬರಿಯ ಕೆನೆಬಣ್ಣದ ಬಟ್ಟೆ.

ಮದುವೆಯ ಹಿಂದಿನ ದಿನ ನಾಲ್ಕು ರವಿಕೆಗಳನ್ನೂ ಟವೆಲಿನಲ್ಲಿ ಸುತ್ತಿಕೊಂಡು ಅವಳು ಹೊನ್ನವಳ್ಳಿಯ ಬಸ್ಸು ಹತ್ತಿದಳು. ಹನುಮಂತಮ್ಮ ತೊಟ್ಟು ಬೀರುವಿನ ಕನ್ನಡಿಗೆ ಬೆನ್ನು ಮಾಡಿದಾಗ ನೆರೆದಿದ್ದ ಹೆಂಗಸರ ಬಾಯಿಂದ ‘ಅಬ್ಬಬ್ಬಾ’ ಬಂತು. ಸಾಬಿರಾ ಒಳಗೊಳಗೇ ಅಂಗಡಿಯ ಮುಂದಿನ ಟೇಬಲಿಗೆ ಹೋಗಿ ಕೂತೇಬಿಟ್ಟಳು. ಆಮೇಲೆ ಹನುಮಂತಮ್ಮ ಪಕ್ಕಕ್ಕೆ ತಿರುಗಿದರು. ಕನ್ನಡಿಯಲ್ಲಿ ತೋಳು ಕಂಡಿತು, ತೋಳ ಮೇಲೆ ಅರ್ಧ ಹೂ ಕಂಡಿತು.

“ಉಳಿದರ್ಧ ಎಲ್ಲವ್ವ?”

“ಮಾರ್ಜಿನ್ ಅಮ್ಮಾ...”

“ಮಂಗಳಕಾರ್ಯಕ್ಕೆ ಅರ್ಧ ಹೂವ? ಮನೆ ಪಾಲಾಗಿರೋದು ಊರಿಗೇ ಗೊತ್ತು ಕಣವ್ವ. ಅದ್ನ ನೀನು ತೋಳ್ ಮೇಲೂ ಬರ್ದು ಕಳಿಸ್ಬೇಕಿತ್ತಾ?”

ಬಾಗಿಲಲ್ಲಿ ನಿಂತಿದ್ದ ಭೈರಮ್ಮ ತನ್ನ ರವಿಕೆಯನ್ನು ಬೆಳಕಿಗೆ ಹಿಡಿದು ನೋಡಿ, ಓರಗಿತ್ತಿಯ ಜೊತೆ ಮಾತಿಲ್ಲದ ಕಾರಣ ಪಕ್ಕದ ಕಂಬಕ್ಕೆ ಹೇಳಿದಳು: “ಮರದ್ ಕಾಯೆಲ್ಲ ಬಾಚ್ಕೊಂಡೋರ ಮನೆ ಹೂವ ಅರ್ಧಾನೇ ಬಿಡೋದು.”

“ಆ ಕಂಬಕ್ಕೆ ಹೇಳವ್ವ, ಬಾಯಿ ಮುಚ್ಕೊಂಡಿರ್ಲಿ ಅಂತ,” ಎಂದು ಹನುಮಂತಮ್ಮ ಸಾಬಿರಾಗೆ ಹೇಳಿದರು. ಸಾಬಿರಾ ಪಾಪ, ಕಂಬದ ಕಡೆ ತಿರುಗಿದಳು.

ಬೇರೆ ಹೊಲಿಸಲು ಹೊತ್ತಿರಲಿಲ್ಲ. ಸೆರಗು ಹೊದ್ದು ಹೂ ಮುಚ್ಚಿಕೊಂಡೇ ಆರತಿ ಎತ್ತುವುದು ಎಂದು ತೀರ್ಮಾನವಾಯಿತು. ಸಾಬಿರಾ ಬಸ್ಸಿನ ಕಿಟಕಿಗೆ ಮುಖವಿಟ್ಟು ತಿಪಟೂರು ಬರುವವರೆಗೂ ಅತ್ತಳು. ಅಂಗಡಿಯಲ್ಲಿ ಅಪ್ಪ ಸುದ್ದಿ ಕೇಳಿ, ಫಾಲ್ಸಿಗೆ ಬಂದಿದ್ದ ಸೀರೆಗಳ ಗಂಟನ್ನು ಅವಳ ಮುಂದೆ ತಂದಿಟ್ಟರು.

“ಮಾರ್ಜಿನ್ ಅಂದಿದ್ದು ನೀವೇ ಅಲ್ವಾ ಅಬ್ಬಾ?”

“ನಾನಂದೆ. ನೀನ್ಯಾಕ್ ಕೇಳ್ದೆ?” ಎಂದರು ಅಕ್ಬರ್ ಪಾಷಾ. ಇಂಥ ನ್ಯಾಯಕ್ಕೆ ಅಪೀಲು ಎಲ್ಲಿದೆ?

ಮರುದಿನ ಮದುವೆ ತಿಪಟೂರಿನ ಛತ್ರದಲ್ಲೇ. ಅಪ್ಪನಿಗೆ ಊರಿನ ಎಲ್ಲ ಮದುವೆಯ ಕರೆಯೋಲೆಯೂ ಬರುತ್ತಿತ್ತು. ಹೋಗದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು ಅವರು ಮಗಳನ್ನೂ ಎಳೆದುಕೊಂಡು ಹೋದರು. ವೈಶಾಖದ ಸೆಕೆ, ಕರೆಂಟು ಬೇರೆ ಕೈಕೊಟ್ಟಿತ್ತು. ಜನರೇಟರಿನ ಶಕ್ತಿಯೆಲ್ಲ ವಿಡಿಯೋ ಮೋಹನನ ಲೈಟಿಗೂ, ಹಿಂದಿನ ಸಾಲಿನವರಿಗೂ ಧಾರೆ ಕಾಣಲಿ ಎಂದು ಮಂಟಪದ ಮಗ್ಗುಲಲ್ಲಿ ಸಭೆಗೆ ಮುಖ ಮಾಡಿ ಇಟ್ಟಿದ್ದ ಟೀವಿಗೂ ಹೋಗುತ್ತಿತ್ತು. ಫ್ಯಾನುಗಳು ನಿಂತಿದ್ದವು.

ಧಾರೆ ಮುಗಿಯಿತು. ನಾಲ್ವರು ಓರಗಿತ್ತಿಯರೂ ಆರತಿ ತಟ್ಟೆ ಹಿಡಿದು, ಸಭೆಗೆ ಬೆನ್ನು ಮಾಡಿ, ಹೆಣ್ಣುಗಂಡಿನ ಎದುರು ಸಾಲಾಗಿ ನಿಂತರು. ಆ ಉರಿಸೆಕೆಯಲ್ಲಿ ಚಳಿಜ್ವರ ಬಂದವರ ಹಾಗೆ ಸೆರಗು ಹೊದ್ದುಕೊಂಡಿದ್ದರು. ಮೊದಲು ಕಿರಿಯವಳು, ಅವಳನ್ನು ಒತ್ತಿಕೊಂಡು ಎರಡನೆಯವಳು, ಪಕ್ಕಕ್ಕೆ ಭೈರಮ್ಮ. ಅಲ್ಲಿಂದ ಒಂದು ಮೂಟೆ ಕೊಬ್ಬರಿ ಇಡುವಷ್ಟು ಜಾಗ ಬಿಟ್ಟು ಹನುಮಂತಮ್ಮ.

ಕಿರಿಯವಳು ಮೈಯಲ್ಲಿ ತುಂಬಿಕೊಂಡವಳು, ಬೆವರು ಧಾರಾಳ. ಎರಡೂ ಕೈಯಲ್ಲಿ ತಟ್ಟೆ. ಜಾರಿದ ಸೆರಗನ್ನು ಎಳೆದುಕೊಳ್ಳುವುದು ಹೇಗೆ? ಅದು ಜಾರಿತು. ಅದನ್ನು ನೋಡಿ ಎರಡನೆಯವಳೂ, ಏನಾದರೂ ಆಗಲಿ ಎಂದು, ಭುಜ ಕೊಡವಿ ಸೆರಗು ಇಳಿಬಿಟ್ಟಳು. ಮೋಹನನ ಲೈಟು ಅವರ ಬೆನ್ನ ಮೇಲೆ ಬಿತ್ತು.

ಸಾಬಿರಾ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದ ಹೆಂಗಸು “ಅಕ್ಕಾ ಟೀವಿ ನೋಡು!” ಎಂದು ಯಾರಿಗೋ ಹೇಳಿದ್ದು ಕೇಳಿ ತಲೆ ಎತ್ತಿದಳು. ಕಿರಿಯವಳ ಬಲತೋಳಿನ ಅರ್ಧ ಹೂ, ಎರಡನೆಯವಳ ಎಡತೋಳಿನ ಅರ್ಧ ಹೂ, ಎರಡೂ ಅಂಟಿಕೊಂಡು ಟೀವಿಯ ತುಂಬ ಒಂದು ಇಡೀ ಹೂ. ಎಸಳಿಗೆ ಎಸಳು, ಗೆರೆಗೆ ಗೆರೆ. ಒಬ್ಬಳ ಭುಜದಿಂದ ಹೊರಟ ಗರಿ ಇನ್ನೊಬ್ಬಳ ಭುಜ ದಾಟಿ ಹೋಗುತ್ತಿತ್ತು.

ಅವಳ ಮೈ ಜುಮ್ಮೆಂದಿತು. ಗೋಡೆಯ ಮೇಲೆ ಬಿಲ್ಲೆ ಒಂದೇ ಇರುವುದಿಲ್ಲವಲ್ಲ! ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ಬಿಲ್ಲೆ ಮಾಡಿದ ಆ ಪುಣ್ಯಾತ್ಮ ಹೂವನ್ನು ಒಳಗೆ ಮಡಚಿರಲಿಲ್ಲ, ಪಕ್ಕದ ಬಿಲ್ಲೆಗೆ ಕೊಟ್ಟಿದ್ದ. ಕ್ಯಾಲೆಂಡರಿನವನು ಒಂದನ್ನೇ ಕಿತ್ತು ತೋರಿಸಿದ್ದ!

ಮುಂದಿನದನ್ನು ಅವಳು ಯೋಚಿಸಿ ಮಾಡಲಿಲ್ಲ. ಕೂತವರ ಕಾಲು, ಮಡಿಲು, ತಾಂಬೂಲದ ಚೀಲ ಎಲ್ಲವನ್ನೂ ದಾಟಿಕೊಂಡು ಓಡಿ ಮಂಟಪ ಹತ್ತಿದಳು. ಮೊದಲು ಭೈರಮ್ಮನ ಸೆರಗು ಎಳೆದಳು, ಆಮೇಲೆ ಹನುಮಂತಮ್ಮನದು.

“ಏಯ್, ಏನೇ ಇದು!”

“ಅಮ್ಮಾ, ಒಂದೇ ನಿಮಿಷ, ನಿಮ್ ಕಾಲಿಗ್ ಬೀಳ್ತೀನಿ, ಒತ್ಕೊಳ್ಳಿ!” ಎಂದು ಹನುಮಂತಮ್ಮನ ಸೊಂಟಕ್ಕೆ ಎರಡೂ ಕೈ ಕೊಟ್ಟು ನೂಕಿದಳು.

ಸಭೆಗೆ ಎರಡನೆಯ ಹೂ ಆಗಲೇ ಕಾಣುತ್ತಿತ್ತು. ಮೂರನೆಯದು ಮಾತ್ರ ನಡುವಿನ ಜಾಗದ ಆಚೆಗೊಂದು ಈಚೆಗೊಂದು ಹೋಳಾಗಿ ನಿಂತಿತ್ತು. ಹನುಮಂತಮ್ಮ ಒಂದು ಹೆಜ್ಜೆ ಸರಿದರು. ಜನ ‘ಓ’ ಎಂದರು. ಇನ್ನೊಂದು ಹೆಜ್ಜೆ. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ನಾಲ್ವರಿಗೂ ಗೊತ್ತಿಲ್ಲ. ಭೈರಮ್ಮ ರೇಗಿ ಹಿಂದಕ್ಕೆ ತಿರುಗಿದಳು, ಕೂಡಿದ್ದ ಎರಡನೆಯ ಹೂವೂ ಮುರಿಯಿತು.

“ತಿರುಗ್ಬ್ಯಾಡ್ರವ್ವೋ!” ಎಂದು ಇಡೀ ಛತ್ರ ಒಂದೇ ಬಾಯಿಂದ ಕೂಗಿತು. ಭೈರಮ್ಮ ಬೆಚ್ಚಿ ಮತ್ತೆ ಮೊದಲಿನ ಹಾಗೇ ತಿರುಗಿ ನಿಂತಳು. ಪುರೋಹಿತರು ಮಂತ್ರ ನಿಲ್ಲಿಸಿ, ಮಂಟಪದಿಂದಿಳಿದು, ಟೀವಿಯ ಮುಂದೆ ಹೋಗಿ ನಿಂತರು.

“ಟೀವಿ ನೋಡಿ, ಟೀವಿ!” ಎಂದಳು ಸಾಬಿರಾ ಏದುಸಿರಿನಲ್ಲಿ.

ನಾಲ್ವರೂ ಮೈ ಅಲ್ಲಾಡಿಸದೆ ಕಣ್ಣು ಮಾತ್ರ ಹೊರಳಿಸಿದರು. ಟೀವಿಯಲ್ಲಿ ನಾಲ್ಕು ಬೆನ್ನು. ಬೆನ್ನುಗಳಲ್ಲ ಅದು, ಒಂದು ಗೋಡೆ, ಒಂದು ತೋಟ. ಎರಡು ಹೂ ತುಂಬಿಕೊಂಡು, ಮೂರನೆಯದರ ನಡುವೆ ಒಂದು ಬೆರಳಿನಷ್ಟು ಸಂದು.

ಭೈರಮ್ಮ ಆ ಸಂದನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ತಾನೇ ಸರಿದು, ತನ್ನ ತೋಳನ್ನು ಹನುಮಂತಮ್ಮನ ತೋಳಿಗೆ ಒತ್ತಿದಳು.

“ಅಲ್ಲಾಡ್ಬೇಡ ಕಣೇ ಹನುಮಿ,” ಎಂದಳು. “ಹೂವ ಮುರೀತದೆ.”

ಕಂಬಕ್ಕಲ್ಲ, ನೇರ ಅವಳಿಗೇ. ಹನುಮಂತಮ್ಮ ತಮ್ಮ ತೋಳನ್ನೂ ಇನ್ನಷ್ಟು ಒತ್ತಿ ನಿಂತರು.

“ನಾನೆಲ್ಲಿ ಅಲ್ಲಾಡ್ದೆ ಅಕ್ಕ,” ಎಂದರು. “ನೀನೇ ಬುಸಬುಸ ಅಂತ ಉಸ್ರು ಬುಡ್ತಾ ಇದೀಯ.”

ಕಿರಿಯವಳು ಕಿಸಕ್ಕೆಂದಳು. ಅದು ಎರಡನೆಯವಳಿಗೆ ಅಂಟಿತು, ಅಲ್ಲಿಂದ ಭೈರಮ್ಮನಿಗೆ. ನಾಲ್ವರೂ ಒಬ್ಬರಿಗೊಬ್ಬರು ಅಂಟಿಕೊಂಡೇ ನಗತೊಡಗಿದರು. ಟೀವಿಯಲ್ಲಿ ಮೂರು ಹೂಗಳೂ ಗಾಳಿಗೆ ಸಿಕ್ಕಂತೆ ಕುಣಿದವು. ಭಾನುಪ್ರಿಯಾ ಬಾಸಿಂಗ ಓರೆ ಮಾಡಿಕೊಂಡು ಬಗ್ಗಿ ಬಗ್ಗಿ ಟೀವಿ ನೋಡಿದಳು. ಆ ನಗುವಿನಲ್ಲೇ ಆರತಿಯಾಯಿತು. ಪುರೋಹಿತರು ಇದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ ಎಂದರು.

ಸಾಬಿರಾ ಮಂಟಪದಿಂದಿಳಿದಾಗ ಅಪ್ಪ ಕಂಬಕ್ಕೊರಗಿ ಕಣ್ಣೊರೆಸಿಕೊಳ್ಳುತ್ತಿದ್ದರು.

“ನಿಂಗೆ ಮೊದ್ಲೇ ಗೊತ್ತಿತ್ತಾ?”

“ಇಲ್ಲ ಅಬ್ಬಾ. ನಾನೂ ಮಾರ್ಜಿನ್ ಅಂತಾನೇ ಅಂದ್ಕೊಂಡಿದ್ದೆ.”

“ಗೋಡೆ ದಪ್ಪ ಆಗತ್ತೆ ಅಂತ?”

“ಹೂಂ, ದಪ್ಪ ಆಗತ್ತೆ ಅಂತ.”

ಅಪ್ಪ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು, ಉಸಿರು ಕಟ್ಟುವಷ್ಟು ನಕ್ಕರು. ಅಷ್ಟರಲ್ಲಿ ಹೆಂಗಸರು ಮುತ್ತಿಕೊಂಡಾಗಿತ್ತು. ಪಾಷಣ್ಣ, ನಮಗೂ ಬೇಕು. ಪಾಷಣ್ಣ, ನಮ್ಮ ಹುಡುಗಿಯ ಸೀಮಂತಕ್ಕೆ ಬೇಕು. ಅಕ್ಬರ್ ಪಾಷಾ ಎರಡೂ ಕೈ ಮೇಲೆತ್ತಿದರು.

“ನನ್ನ ಕೇಳ್ಬೇಡಿ ಕಣ್ರಮ್ಮಾ. ಹೂವಿನ ವಿಷಯ ಎಲ್ಲ ಇವಳ್ದು. ಮುಂದಿನ ಟೇಬಲ್ ಇವಳ್ದು.”

ಮಾಯಸಂದ್ರದಿಂದ ಬಂದಿದ್ದ ಗಟ್ಟಿ ದನಿಯ ಹೆಂಗಸೊಬ್ಬಳು ಎಲ್ಲರನ್ನೂ ಸರಿಸಿಕೊಂಡು ಸಾಬಿರಾಳ ಮುಂದೆ ಬಂದು ತೋಳು ಚಾಚಿದಳು. “ಅಳತೆ ತಗೊಳವ್ವ. ನಂಗೆ ಒಂದು.”

“ಒಂದು ಹೊಲ್ಯಲ್ಲ ಅಕ್ಕ,” ಎಂದಳು ಸಾಬಿರಾ. “ಒಂದ್ರಲ್ಲಿ ಹೂ ಆಗಲ್ಲ. ಪಕ್ಕ ನಿಲ್ಲೋರ್ನ ಕರ್ಕೊಂಡ್ ಬನ್ನಿ.”

“ನಂಗ್ಯಾರಿದಾರೆ, ಇರೋಳು ಒಬ್ಳು ನಾದಿನಿ. ಅವಳ್ಗೂ ನಂಗೂ ಆಗಲ್ಲ.”

“ಹಂಗಾರೆ ಅವರನ್ನೇ ಕರ್ಕೊಂಡ್ ಬನ್ನಿ.”

ಹೆಂಗಸು ಚಾಚಿದ ತೋಳನ್ನು ಹಾಗೇ ಹಿಡಿದು, ಟೀವಿಯ ಕಡೆ ಒಮ್ಮೆ ನೋಡಿದಳು. ಮೋಹನ ಆ ಮೂರು ಹೂಗಳನ್ನೇ ಮತ್ತೆ ಹಾಕಿ ತೋರಿಸುತ್ತಿದ್ದ. ಅವಳು ಒಂದು ನಿಟ್ಟುಸಿರು ಬಿಟ್ಟು, ಸೆರಗು ಬಿಗಿದು, ಊಟದ ಪಂಕ್ತಿಯ ಕಡೆ ನಾದಿನಿಯನ್ನು ಹುಡುಕಿಕೊಂಡು ನಡೆದಳು.